ಮುದ್ರೆಯಿಲ್ಲದ ಹಲಗೆ

ಹುಣಸೂರಿನ ಅರಣ್ಯ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದ ಕಾಲ. ಯಾರು ಏನು ಹೇಳಿದರೂ ಅದನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡುವ ಚಟ ನನಗಿತ್ತು. ಅದಕ್ಕಾಗಿ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದೆ, ಆದರೂ ಒಳಗೊಳಗೇ ಜಂಬ.

ಒಂದು ಬೆಳಿಗ್ಗೆ ಗಾರ್ಡು, ಎತ್ತಿನ ಗಾಡಿ ಮಾಡುವ ಮುದುಕ ಸಾಬರನ್ನು ಹಿಡಿದು ತಂದ. ಅವರ ಅಂಗಳದಲ್ಲಿ ತೇಗದ ಹಲಗೆಗಳು ಸಿಕ್ಕಿದ್ದವು. ಸರ್ಕಾರದ ಮರದ ಡಿಪೋದಲ್ಲಿ ಕೊಂಡದ್ದು, ರಸೀದಿ ಗೆದ್ದಲು ತಿಂದಿತು ಎನ್ನುತ್ತಿದ್ದರು. ಮಹಜರಿಗೆ ಸಹಿ ಬಿದ್ದರೆ ಹಲಗೆ ಜಪ್ತಿ, ಅವರಿಗೆ ಜೈಲು. ರೇಂಜರ್ ಸಾಹೇಬರು ಹೇಳುತ್ತಾ ಹೋದರು, ನಾನು ಬರೆಯುತ್ತಿದ್ದೆ: ಡಿಪೋದ ಪ್ರತಿ ದಿಮ್ಮಿಗೂ ಸರ್ಕಾರದ ಮುದ್ರೆ ಹೊಡೆದಿರುತ್ತದೆ. ಈ ಹಲಗೆಗಳಲ್ಲಿ ಮುದ್ರೆ ಇಲ್ಲ. ಆದ್ದರಿಂದ ಇದು ವೀರನಹೊಸಹಳ್ಳಿ ಕಾಡಿನಿಂದ ಕದ್ದ ಮರ.

'ಆದ್ದರಿಂದ' ಎಂಬಲ್ಲಿ ನನ್ನ ಲೇಖನಿ ನಿಂತುಬಿಟ್ಟಿತು.

"ಯಾಕಯ್ಯಾ ನಿಲ್ಲಿಸಿದೆ?"

ಕೆಲಸ ಹೋದರೆ ಗತಿಯೇನು ಎಂಬ ಭಯ. ಆದರೂ ಚಟ ಬಿಡಲಿಲ್ಲ. "ಮೊದಲೆರಡು ಮಾತು ನಿಜ ಸ್ವಾಮಿ. ಮೂರನೇದು ಅವುಗಳಿಂದ ಬರೋದಿಲ್ಲ. ಮುದ್ರೆ ಹೊಡೆಯೋದು ದಿಮ್ಮಿಯ ತುದಿಗೆ. ತುದಿ ಬಿರುಕು ಬಿಟ್ಟಿರುತ್ತೆ ಅಂತ ಗಾಡಿ ಮಾಡೋರು ಮೊದಲು ಅದನ್ನೇ ಕೊಯ್ದು ತೆಗೀತಾರೆ. ಡಿಪೋ ಮರವಾದರೂ ಹಲಗೆ ಆದಮೇಲೆ ಮುದ್ರೆ ಇರೋದಿಲ್ಲ."

ಸಾಹೇಬರು ಸಾಬರ ಕಡೆ ತಿರುಗಿದರು. "ಕೊಯ್ದ ತುದಿ ಎಲ್ಲೋ?"

"ಒಲೆಗೋಯ್ತು ಸ್ವಾಮಿ. ಅದ್ನ ಯಾರು ಮಡಿಕತ್ತಾರೆ?"

ಸಾಹೇಬರು ಮೇಜು ಗುದ್ದಿ ನನ್ನನ್ನು ಕೇಳಿದರು: "ಹಾಗಾದ್ರೆ ಇವನು ಕಳ್ಳ ಅಲ್ಲ ಅಂತೀಯಾ?"

"ಹಾಗೆ ನಾನು ಹೇಳ್ತಿಲ್ಲ ಸ್ವಾಮಿ. ಕದ್ದಿರಲೂಬಹುದು. ಕದ್ದರು ಅನ್ನೋದಕ್ಕೆ ಈ ಮಾತು ಸಾಲದು, ಅಷ್ಟೆ. ಮೇಲಿನವರೂ ಇದನ್ನೇ ಕೇಳ್ತಾರೆ."

ಕೊನೆಗೆ ಸಾಹೇಬರು ಕಾಗದ ಹರಿದುಹಾಕಿ, "ಹೋಗು" ಎಂದು ಸಾಬರಿಗೆ ಹೇಳಿದರು.

ನಾನು ಬೀಗುತ್ತಾ ಸಾಬರ ಹಿಂದೆಯೇ ಹೊರಗೆ ಬಂದೆ. ಕೈ ಮುಗಿಯುತ್ತಾರೆ ಅಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ. ಅವರು ಮೆಟ್ಟಿಲ ಮೇಲೆ ನಿಂತರು.

"ಕದ್ದಿರಲೂಬೌದು ಅಂದ್ರಲ್ಲ ಸ್ವಾಮಿ. ನಿಮ್ ತಂದೇರ ಗಾಡಿ ಮಾಡ್ಕೊಟ್ಟೋನು ನಾನೇ ಕಣ್ರೀ. ನಿಮ್ಗೂ ಅಂಗೇ ಅನ್ನುಸ್ತಾ?"

ಅದು ವಾದಕ್ಕೆ ಆಡಿದ ಮಾತು ಎನ್ನಲು ಹೊರಟೆ. ಇವರು ಕದ್ದಿಲ್ಲ ಎಂದು ನಾನು ನಂಬಿದ್ದೆನೇ? ಅದೊಂದನ್ನು ನಾನು ಕೇಳಿಕೊಂಡೇ ಇರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ.

"ಆಯ್ತು ಬುಡಿ ಸ್ವಾಮಿ" ಎಂದು ಅವರು ಮೆಟ್ಟಿಲಿಳಿದು ಹೋದರು. ಆಮೇಲೆ ದಾರಿಯಲ್ಲಿ ಸಿಕ್ಕಾಗಲೆಲ್ಲ ಸಲಾಮು ಮಾಡುತ್ತಿದ್ದರು. ಮಾತು ಮಾತ್ರ ಆಡಲಿಲ್ಲ.