ಒಂದು ಗೋಳಿಬಜೆಗೆ ಬಿದ್ದ ಖರ್ಚು

ಮೊಮ್ಮಕ್ಕಳೇ, ತ್ರಿಪ್ಪುಣಿತ್ತುರದ ಮನೆಯಲ್ಲಿ ಒಂದು ಸಂಜೆ ನಿಮ್ಮ ಅಕ್ಕ ಕಾಲೇಜಿನ ಪಾಠಕ್ಕೆಂದು ವೆಚ್ಚದ ಲೆಕ್ಕ ಬರೆಯುತ್ತಿದ್ದಳು. ಮರುದಿನ ಮಿಸ್‌ಗೆ ಒಂದು ಗೋಳಿಬಜೆಗೆ ಬಿದ್ದ ಖರ್ಚು ತೋರಿಸದಿದ್ದರೆ ಅಂಕವಿಲ್ಲ. ಮೈದಾ, ಮೊಸರು, ಎಣ್ಣೆ, ಗ್ಯಾಸಿನ ಖರ್ಚು ಕೂಡಿಸಿ, ನಾನು ಕರಿದದ್ದನ್ನು ಎಣಿಸಲು ಬಂದಳು.

"ಎಣಿಸ್ಬೇಡ ಮಗಾ, ದೃಷ್ಟಿ ತಾಗ್ತದೆ. ತಿಂದ ಮೇಲೆ ಎಷ್ಟೆಷ್ಟು ತಿಂದ್ರಿ ಅಂತ ಎಲ್ಲರನ್ನೂ ಕೇಳು," ಎಂದೆ.

ತಟ್ಟೆ ಖಾಲಿಯಾದ ಮೇಲೆ ಕೇಳಿದಳು. ಪಕ್ಕದ ಮನೆಯ ಅಕ್ಕ, ನಾವೆಲ್ಲ ಚೇಚಿ ಅನ್ನುವವರು, "ಎರಡೇ" ಎಂದರು. ನಿಮ್ಮ ಅಪ್ಪ "ಒಂದೂವರೆ" ಎಂದ. ನಾನು ನಾಚಿಕೊಂಡು "ಒಂದು" ಎಂದೆ.

ಅವಳು ಒಟ್ಟು ಖರ್ಚನ್ನು ಆ ಎಣಿಕೆಯಿಂದ ಭಾಗಿಸಿ ನೋಡಿದಳು. "ಅಜ್ಜಿ, ಈ ರೇಟಿಗೆ ಕಲೂರಿನ ಹೋಟೆಲಲ್ಲಿ ಬಿರಿಯಾನಿ ಸಿಗ್ತದೆ. ಮಿಸ್ ನನ್ನನ್ನು ಫೇಲ್ ಮಾಡ್ತಾರೆ."

"ಹಾಗಾದ್ರೆ ನಂದು ಆರು ಬರಿ," ಎಂದ ನಿಮ್ಮ ಅಪ್ಪ. ಚೇಚಿ ತಲೆ ತಗ್ಗಿಸಿ ಎಂಟಕ್ಕೆ ಒಪ್ಪಿದರು. ನಾನು ನನ್ನ ಲೆಕ್ಕವನ್ನು ಅವಳ ಕಿವಿಯಲ್ಲಿ ಉಸುರಿದೆ. ಗೋಳಿಬಜೆ ಒಮ್ಮೆಗೇ ಚಹಾದಂಗಡಿಯ ರೇಟಿಗೆ ಇಳಿಯಿತು.