ಹೆಳವರು ಹೇಳಿದ ಅತ್ತೆ

೧೯೮೬ರಲ್ಲಿ ಏಳನೇ ತರಗತಿಗೇ ಓದು ನಿಲ್ಲಿಸಿ ಲೇತ್ ಮಷಿನ್ ಹಿಡಿದವನು ನಾನು. ಮೊನ್ನೆ ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನ ನಮ್ಮ ಮನೆಗೆ, ಮನೆಮನೆಯ ವಂಶಾವಳಿ ಹೇಳುವ ಹೆಳವರೊಬ್ಬರು ಕಲಬುರಗಿ ಕಡೆಯಿಂದ ಹುಡುಕಿಕೊಂಡು ಬಂದರು. “ನಮಗೆ ಹಿಂದೆ ಯಾರೂ ಇಲ್ರಿ, ಎಲ್ಲಾ ನಾನೇ ದುಡಿದದ್ದು” ಎಂದೆ.

“ಮತ್ತ ಮುಗಿಲಿಂದ ಉದುರಿದ್ರೇನ್ರಿ ಸಾವ್ಕಾರ್ರ?” ಎಂದು ನಕ್ಕು, ಅಜ್ಜನ ಹೆಸರು ಹಿಡಿದು ಹೇಳತೊಡಗಿದರು. ಅಜ್ಜ ಹೈದರಾಬಾದಿಗೆ ಬರುವಾಗ, ಮದುವೆಯಾಗಿದ್ದ ಹಿರಿಮಗಳು ಊರಲ್ಲೇ ಉಳಿದಳಂತೆ. ಅಪ್ಪ ಈ ಅಕ್ಕನ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ.

“ಇನ್ನೂ ಅದಾಳ್ರಿ ಮುದುಕಿ. ನಾ ಹೋದಾಗೆಲ್ಲಾ, ನನ್ನ ತಮ್ಮನ ಮಕ್ಳು ಸಿಕ್ರೇನೋ ಅಂತ ಕೇಳ್ತಾಳ.”

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ತೊಂಬತ್ತರ ಜೀವ, ತಡವಾದರೆ ಎಂಬ ದಿಗಿಲು. ನಾಳೆ ಮೊದಲ ಬಸ್ಸಿಗೇ ಹೊರಟಿದ್ದೇನೆ. ಈಗ ನನಗಿರುವುದು ಒಂದು ಸ್ವಂತ ಮನೆ, ಎರಡು ಮಷಿನು, ಒಬ್ಬ ಸೋದರತ್ತೆ.