ಎರಡನೆಯ ಬ್ರೇಕು

ಹಾನಗಲ್ಲಿನಲ್ಲಿ ನಾನು ಕಾರು ಓಡಿಸುವುದನ್ನು ಕಲಿಸುತ್ತೇನೆ. ಕಲಿಸುವ ಕಾರಿನಲ್ಲಿ ನನ್ನ ಕಾಲ ಬುಡದಲ್ಲೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ತಡವರಿಸಿದರೆ ನಾನು ಒತ್ತುತ್ತೇನೆ, ಗಾಡಿ ನಿಲ್ಲುತ್ತದೆ. ಎಷ್ಟೋ ವರ್ಷಗಳಿಂದ ಹೀಗೆ ಒತ್ತಿ ಒತ್ತಿ ನನ್ನ ಬಲಗಾಲಿನ ಚಪ್ಪಲಿ ಯಾವಾಗಲೂ ಮೊದಲು ಸವೆಯುತ್ತದೆ.

ಒತ್ತಿದ್ದನ್ನು ಹೇಳುತ್ತಿರಲಿಲ್ಲ. ಮೊದಮೊದಲು ಹೇಳುತ್ತಿದ್ದೆ, ಕಲಿಯುವವರು ಮುಖ ಸಪ್ಪಗೆ ಮಾಡಿಕೊಂಡು ಮರುದಿನದಿಂದ ಬರುವುದನ್ನೇ ಬಿಡುತ್ತಿದ್ದರು. ನಮ್ಮ ಕಡೆಯವರಿಗೆ ಟ್ರ್ಯಾಕ್ಟರು ಹೊಡೆದ ಕೈ ಎಂಬ ಧಿಮಾಕು ಬೇರೆ. ಹೊಲದಲ್ಲಿ ಎದುರಿಗೆ ಯಾರೂ ಬರುವುದಿಲ್ಲವಲ್ಲ ಎಂದರೆ ಸಿಟ್ಟಾಗುತ್ತಾರೆ. ಹಾಗಾಗಿ ಮೆಲ್ಲಗೆ ಒತ್ತಿ, ಕಿಟಕಿಯಾಚೆ ನೋಡುತ್ತ, "ಚಲೋ ನಿಂದ್ರಿಸಿದ್ರಿ" ಎನ್ನುವುದನ್ನು ರೂಢಿ ಮಾಡಿಕೊಂಡೆ. ಅವರು ಹಿಗ್ಗುತ್ತಿದ್ದರು. ನನಗೂ ತಲೆನೋವಿರಲಿಲ್ಲ.

ಎರಡು ವರ್ಷದ ಹಿಂದೆ ಒಬ್ಬ ಶಾಲಾ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕಾವರು, ಕಲಿಯಲು ಬಂದರು. ನಲವತ್ತೈದು ದಾಟಿದವರು. ಹಂಸಭಾವಿ ಕಡೆಯ ಹಳ್ಳಿಯೊಂದಕ್ಕೆ ವರ್ಗವಾಗಿತ್ತು. ಎರಡು ಬಸ್ಸು ಬದಲಿಸಿದರೂ ಪ್ರಾರ್ಥನೆಯ ಹೊತ್ತಿಗೆ ಮುಟ್ಟಲಾಗುತ್ತಿರಲಿಲ್ಲ. ಹೇಳಿದ್ದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಕ್ಲಚ್ಚು, ಗೇರು, ಕನ್ನಡಿ ಎಲ್ಲ ಬೇಗ ಕೈಗೆ ಹತ್ತಿದವು. ಬ್ರೇಕು ಮಾತ್ರ ತಡ. ಅಡ್ಡ ಬಂದದ್ದನ್ನು ಕಂಡ ಮೇಲೂ ಒಂದು ಗಳಿಗೆ ಯೋಚಿಸುವರು. ಆ ಗಳಿಗೆಯನ್ನು ನಾನು ನನ್ನ ಕಾಲಿನಿಂದ ತುಂಬಿಕೊಡುತ್ತಿದ್ದೆ. ಪರೀಕ್ಷೆ ಖಾಲಿ ಮೈದಾನದಲ್ಲಿ ನಡೆಯಿತು, ಅಲ್ಲಿ ಅಡ್ಡ ಬರುವವರು ಯಾರು? ಪಾಸಾದರು. ಪೇಢೆ ತಂದುಕೊಟ್ಟರು. ನಾನು ಸಂಕೋಚವಿಲ್ಲದೆ ಎರಡು ತಿಂದೆ.

ಹೊಸ ಕಾರು ಕೊಂಡ ವಾರದೊಳಗೆ, ಒಂದು ಸಂಜೆ, ಮತ್ತೆ ಬಂದರು. ನಿಂತುಕೊಂಡೇ ನಡೆದದ್ದನ್ನು ಹೇಳಿದರು.

ಅಕ್ಕಿಆಲೂರು ದಾಟಿದ ಮೇಲೆ, ಗೋವಿನಜೋಳದ ಸುಗ್ಗಿಯಲ್ಲಿ, ಅರ್ಧ ರಸ್ತೆ ರೈತರ ಕಣವಾಗಿರುತ್ತದೆ. ಕಾಳು ಹರವಿ ಅಂಚಿಗೆ ಕಲ್ಲಿಟ್ಟಿರುತ್ತಾರೆ. ಅಲ್ಲಿ ಕಾಲಿನಿಂದ ಕಾಳು ಕೆದರುತ್ತಿದ್ದ ಮುದುಕಿಯೊಬ್ಬಳನ್ನು ಇವರು ದೂರದಿಂದಲೇ ಕಂಡಿದ್ದರು. ಎಂದಿನಂತೆ ಬ್ರೇಕಿನ ಮೇಲೆ ಕಾಲನ್ನು ಹಗುರಾಗಿ ಇಟ್ಟರು. ಆದರೆ ಗಾಡಿ ಎಂದಿನಂತೆ ನಿಲ್ಲಲಿಲ್ಲ. ಗಾಬರಿಯಾಗಿ ಪೂರಾ ಒತ್ತಿದಾಗ ಗಾಲಿಗಳು ಕಾಳಿನ ಮೇಲೆ ಜಾರಿದವು. ಮುದುಕಿ ಪಕ್ಕಕ್ಕೆ ಜಿಗಿದು ಗಟಾರಕ್ಕೆ ಬಿದ್ದಳು. ಮೊಣಕೈ ತರಚಿತು, ಅಷ್ಟೇ. ಗಾಡಿ ಅವಳು ನಿಂತಿದ್ದ ಜಾಗದ ಮೇಲೆಯೇ ಹೋಗಿ ನಿಂತಿತ್ತು.

"ಸರ, ಒಂದು ಕೇಳ್ತೇನಿ, ಖರೇ ಹೇಳ್ರಿ," ಎಂದರು. "ಕಲಿಯೂ ಮುಂದ ಗಾಡಿ ನಿಂದ್ರತಿತ್ತಲ್ಲ, ನಾ ನಿಂದ್ರಸ್ತಿದ್ನೋ, ನೀವೋ?"

"ಭಾಳ ಸಲ ನಾನ ರೀ, ಅಕ್ಕಾರ."

"ಮತ್ತ ಚಲೋ ನಿಂದ್ರಿಸಿದ್ರಿ ಅಂತಿದ್ರಿ?"

ನಾನು ಕುರ್ಚಿ ಸರಿಸಿಕೊಟ್ಟೆ. ಅವರು ಕೂಡಲಿಲ್ಲ.

"ಸಾಲ್ಯಾಗ ಹುಡುಗರ ಗಣಿತಾ ನಾನ ಬಿಡಿಸಿ, ನೀವು ಶಾಣ್ಯಾ ಅದೀರಿ ಅಂತ ನಾ ಯಾವತ್ತೂ ಹೇಳಿಲ್ರಿ."

ನನಗೆ ನಾಚಿಕೆಯಾಯಿತು. ಆಗಬೇಕಾದದ್ದೇ.

ಮರುದಿನದಿಂದ ಅವರದೇ ಕಾರಿನಲ್ಲಿ ಪಕ್ಕಕ್ಕೆ ಕುಳಿತೆ. ಅದರಲ್ಲಿ ಎರಡನೆಯ ಬ್ರೇಕಿಲ್ಲ. ಖಾಲಿ ರಸ್ತೆಯಲ್ಲಿ ಗೋಣಿಚೀಲ ಇಟ್ಟು, ಮೊದಲು ನಿಧಾನವಾಗಿ, ಆಮೇಲೆ ತುಸು ಜೋರಾಗಿ ಬಂದು, ಅದಕ್ಕೆ ತಾಗದಂತೆ ನಿಲ್ಲಿಸುವುದಷ್ಟೇ ಪಾಠ. ಮೊದಲ ದಿನ ಚೀಲದ ಮೇಲೆ ಹೋದರು. ಎರಡನೆಯ ದಿನವೂ ಹೋದರು. ನನ್ನ ಕಾಲು ಬರೀ ನೆಲ ಒತ್ತುತ್ತಿತ್ತು. ಎಂಟನೆಯ ದಿನ ಕಣದ ರಸ್ತೆಗೆ ಹೋದೆವು. ಮುದುಕಿ ಗಾಡಿಯ ಗುರುತು ಹಿಡಿದು, ನಾವಿನ್ನೂ ದೂರ ಇರುವಾಗಲೇ, ಗಟಾರ ದಾಟಿ ಹೊಲದಲ್ಲಿ ನಿಂತಳು. ಅಕ್ಕಾವರು ಕಾಳಿಗೆ ಹತ್ತು ಮಾರು ಮೊದಲೇ ಗಾಡಿ ನಿಲ್ಲಿಸಿ, ಇಳಿದು ಹೋಗಿ ಮಾತಾಡಿಸಿ ಬಂದರು.

ಈಗ ನಾನು ಬ್ರೇಕು ಒತ್ತಿದಾಗೆಲ್ಲ "ನಾ ಒತ್ತಿದೆ" ಎಂದು ಬಾಯಿಬಿಟ್ಟು ಹೇಳುತ್ತೇನೆ. ಕಲಿಯುವವರಿಗೆ ಇದು ಹಿಡಿಸುವುದಿಲ್ಲ. ಸವಣೂರಿನ ಬಟ್ಟೆ ವ್ಯಾಪಾರಿಯೊಬ್ಬರು ಮೂರನೆಯ ದಿನಕ್ಕೇ ರೇಗಿ, "ನಿಮಗ ಕಲಸಾಕ ಬರಂಗಿಲ್ಲ ಬಿಡ್ರಿ" ಎಂದು ಬೇರೆ ಕಡೆ ಸೇರಿಕೊಂಡರು. ಮೊನ್ನೆ ಸಂತೆಯಲ್ಲಿ ಸಿಕ್ಕರು. ಬಹಳ ಖುಷಿಯಲ್ಲಿದ್ದರು.

"ಅಲ್ಲಿ ಅವರು ಒಂದ ಸಲಾನೂ ಬ್ರೇಕ್ ಒತ್ತಲಿಲ್ಲ ನೋಡ್ರಿ. ಎಲ್ಲಾ ನಾನ ನಿಂದ್ರಿಸಿದೆ."

ನನಗೆ ಹೆದರಿಕೆಯಾಯಿತು. ಲೈಸೆನ್ಸು ಬಂತೇನ್ರಿ ಎಂದು ಕೇಳಿದೆ. ಬಂದಿತ್ತು.